ವಸ್ತಾದರು ಗಡಕ್ಕೆ ಹೋದ ವರ್ಷ

ನರಗುಂದದ ದಂಗೆಗೆ ಇನ್ನೂ ಮೂರು ನಾಲ್ಕು ವರ್ಷ ಇತ್ತು. ನಮ್ಮ ರೋಣದಲ್ಲಿ ಆಗ ಒಂದು ಗರಡಿಮನೆ, ಅದರ ಮುಂದೆ ಒಂದು ಬೇವಿನ ಮರ, ಮರದ ಬುಡಕ್ಕೆ ಒಂದು ಕಟ್ಟೆ. ಗರಡಿಯ ಒಳಗೆ ಕುಸ್ತಿ ಹಿಡಿಯುತ್ತಿದ್ದವರು ಬೆರಳೆಣಿಕೆಯ ಮಂದಿ. ಹೊರಗೆ ಕಟ್ಟೆಯ ಮೇಲೆ ಕುಳಿತು ಕುಸ್ತಿಯನ್ನು ಹೇಗೆ ಹಿಡಿಯಬೇಕೆಂದು ಹೇಳುತ್ತಿದ್ದವರು ಅರ್ಧ ಊರು. ನಾನು ಹೊರಗಿನವರ ಪೈಕಿ. ಅರಳೆ ವ್ಯಾಪಾರದ ಮನೆಯಲ್ಲಿ ಹುಟ್ಟಿದವನು, ಮೈಗೆ ಮಣ್ಣು ಹತ್ತಿಸಿಕೊಂಡವನಲ್ಲ. ಆದರೆ ಯಾವ ಪೈಲ್ವಾನ ಎಲ್ಲಿ ಕಾಲು ತಪ್ಪಿದ ಎಂದು ನನ್ನನ್ನು ಕೇಳಿ, ಇವತ್ತಿಗೂ ಹೇಳುತ್ತೇನೆ.

ದೀಪಾವಳಿ ಮುಗಿದ ವಾರ ಸುದ್ದಿ ಬಂತು. ನಮ್ಮೂರಿಗೆ ಕುಸ್ತಿ ಕಲಿಸುವ ಗುರುಗಳು, ನಾವೆಲ್ಲ ವಸ್ತಾದರು ಎಂದು ಕರೆಯುತ್ತಿದ್ದವರು, ನಮ್ಮ ಗರಡಿ ಬಿಟ್ಟು ಗಜೇಂದ್ರಗಡಕ್ಕೆ ಹೊರಟಿದ್ದಾರೆ! ಗಡದ ಸೀರೆ ವ್ಯಾಪಾರದ ಸಾಹುಕಾರರೊಬ್ಬರು ಹೊಸ ಗರಡಿ ಕಟ್ಟಿಸಿ ಇವರನ್ನು ಕರೆಸಿಕೊಳ್ಳುತ್ತಿದ್ದಾರಂತೆ. ಆ ದಿನ ರೋಣದಲ್ಲಿ ಯಾವ ಅಂಗಡಿಯ ಬಾಗಿಲೂ ಹೊತ್ತಿಗೆ ಸರಿಯಾಗಿ ತೆರೆಯಲಿಲ್ಲ. ಎಲ್ಲರೂ ಕಟ್ಟೆಯ ಮೇಲಿದ್ದೆವು.

ಕಟ್ಟೆಗೆ ಯಜಮಾನ ನನ್ನ ಕಾಕಾ. ನಮ್ಮಪ್ಪನ ತಮ್ಮ. ದುಡಿಮೆ ಎಂಬುದನ್ನು ನಮ್ಮಪ್ಪನಿಗೆ ಬಿಟ್ಟುಕೊಟ್ಟು, ಅಭಿಪ್ರಾಯಗಳನ್ನೆಲ್ಲ ತಾನು ಇಟ್ಟುಕೊಂಡಿದ್ದ ಮನುಷ್ಯ.

“ಹನ್ನೆರಡು ವರ್ಷ ನಮ್ಮೂರ ರೊಟ್ಟಿ ತಿಂದಾನ! ಹಾಲು ನಮ್ಮದು, ತುಪ್ಪ ನಮ್ಮದು, ಈಗ ಹೊಂಟಾನ ಗಡಕ್ಕ. ಏನಂತೀರಿ ಇದಕ್ಕ?” ಎಂದು ಕಾಕಾ ತೊಡೆ ತಟ್ಟಿದ. ಅವನು ಜನ್ಮದಲ್ಲಿ ತೊಡೆ ತಟ್ಟಿದ್ದು ಕಟ್ಟೆಯ ಮೇಲಷ್ಟೇ.

“ದ್ರೋಹರಿ, ಖರೇ ಅಂದ್ರ ದ್ರೋಹ,” ಎಂದೆ ನಾನು.

ಯಾಕೆ ಹೋಗುತ್ತಿದ್ದಾರೆ ಎಂಬುದಕ್ಕೆ ಕಟ್ಟೆ ಮಧ್ಯಾಹ್ನದೊಳಗೆ ಹತ್ತಾರು ಕಾರಣ ಹುಟ್ಟಿಸಿತು. ಗಡದಲ್ಲಿ ದಿನಾ ಬಾದಾಮಿ ಕೊಡುತ್ತಾರಂತೆ. ಹೆಂಡತಿಯ ತವರು ಆ ಕಡೆಯಂತೆ. ಯಾರೋ ಮದ್ದು ಹಾಕಿದ್ದಾರಂತೆ. ನಿಜವಾದ ಕಾರಣ ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಯಾರೂ ಅದರ ಸುದ್ದಿಗೆ ಹೋಗಲಿಲ್ಲ. ನಮ್ಮ ಗರಡಿಯ ಮಾಳಿಗೆ ಸೋರುತ್ತಿತ್ತು. ಮಳೆಗಾಲ ಬಂತೆಂದರೆ ಕಣದ ಕೆಮ್ಮಣ್ಣು ರಾಡಿಯಾಗಿ, ಪೈಲ್ವಾನರು ಜಾರಿ ಬಿದ್ದು ಕೈಕಾಲು ಉಳುಕಿಸಿಕೊಳ್ಳುತ್ತಿದ್ದರು. ಮಾಳಿಗೆ ದುರಸ್ತಿ ಮಾಡಿಸೋಣ ಎಂದು ನಾವು ಪ್ರತಿ ವರ್ಷ ಒಮ್ಮತದಿಂದ ನಿರ್ಧರಿಸುತ್ತಿದ್ದೆವು. ಜಂತಿ ಯಾರು ತರಬೇಕು ಎಂಬಲ್ಲಿಗೆ ಬಂದಾಗ ಬಿತ್ತನೆಯೋ ಸುಗ್ಗಿಯೋ ಬಂದುಬಿಡುತ್ತಿತ್ತು. ಹಿಂದಿನ ಶ್ರಾವಣದಲ್ಲಿ, ಪಂಚಮಿಯ ಕುಸ್ತಿಗೆ ತಯಾರಿ ಮಾಡುತ್ತಿದ್ದಾಗ, ನಮ್ಮೂರ ಹೆಮ್ಮೆಯ ಪೈಲ್ವಾನನೇ ಆ ರಾಡಿಯಲ್ಲಿ ಬಿದ್ದು ಎಡಭುಜದ ಕೀಲು ಸರಿಸಿಕೊಂಡಿದ್ದ.

ಈ ಪೈಲ್ವಾನನ ಬಗ್ಗೆ ಹೇಳಬೇಕು. ತಂದೆ ಇಲ್ಲ, ತಾಯಿ ಮಗ ಇಬ್ಬರೇ. ಊರ ಹೊರಗೆ ತುಂಡು ಎರೆಹೊಲ. ಎತ್ತರದ ಆಳು, ಮಾತು ಕಡಿಮೆ. ಕುಸ್ತಿ ಒಂದನ್ನು ಬಿಟ್ಟರೆ ಅವನಿಗೆ ಈ ಲೋಕದಲ್ಲಿ ಬೇರೇನೂ ಬೇಕಾಗಿರಲಿಲ್ಲ. ಕಣಕ್ಕೆ ಇಳಿಯುವಾಗ ಅವನ ಮುಖ ನೋಡಿದರೆ ಹಬ್ಬದೂಟಕ್ಕೆ ಕೂತವನ ಹಾಗೆ ಕಾಣುತ್ತಿತ್ತು. ಭುಜ ಸರಿದಾಗ ವಸ್ತಾದರೇ ಕೂಡಿಸಿದ್ದರು. ಕೀಲು ಕೂಡಿಸುವುದೂ ವಸ್ತಾದರ ವಿದ್ಯೆಯೇ. ದಿನಾ ಸಂಜೆ ಔಡಲೆಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದರು, ತಾಯಿಗಿಂತ ಹೆಚ್ಚಾಗಿ.

ಹೊರಡುವ ದಿನ ವಸ್ತಾದರು ಕಟ್ಟೆಗೆ ತಾವಾಗಿಯೇ ಬಂದರು. ನಾವೆಲ್ಲ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ಕುಳಿತೆವು.

“ಕಾಕಾರ, ಹೋಗಿ ಬರ್ತೀನ್ರಿ. ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ,” ಎಂದರು. ಅವರು ಮತ್ತೆ ಹೇಳಿದರು: “ಒಂದ ಮಾತು. ಪೈಲ್ವಾನನ ಎಡಗಡೆ ಭುಜ ಇನ್ನೂ ಗಟ್ಟಿ ಆಗಿಲ್ಲ. ಬರೂ ದಸರಾತನಕ ಅವನ್ನ ಕಣಕ್ಕ ಇಳಸಬ್ಯಾಡ್ರಿ. ಇನ್ನೊಮ್ಮೆ ಸರದ್ರ ಅವನ ಕುಸ್ತಿ ಮುಗದಂಗ. ಕೈ ಮುಗಿದು ಹೇಳ್ತೀನಿ.”

ಪೈಲ್ವಾನ ಅವರ ಗಂಟು ಹೊತ್ತುಕೊಂಡು ಊರ ಅಗಸಿ ಬಾಗಿಲವರೆಗೆ ಹೋದ. ಅಳುತ್ತಿದ್ದನಂತೆ. ನಾವು ಅಳಲಿಲ್ಲ, ನಮಗೆ ಸಿಟ್ಟು ಬಂದಿತ್ತು. ನಮ್ಮೂರ ಮಾನ ಹರಾಜಿಗೆ ಇಟ್ಟು ಹೋಗುವ ಮನುಷ್ಯನ ಗಂಟು ಹೊರುವುದೆಂದರೇನು! ಆ ಬಗ್ಗೆಯೂ ಒಂದು ವಾರ ಮಾತಾಡಿದೆವು.

ಗರಡಿ ಎಂದ ಮೇಲೆ ವಸ್ತಾದ ಬೇಕು. ನರಗುಂದದಲ್ಲಿ ಒಬ್ಬ ಇದ್ದ, ಹೆಸರುವಾಸಿ. ಕಾಕಾ ಬಂಡಿ ಕಟ್ಟಿಸಿದ, ನಾನೂ ಹತ್ತಿದೆ. ನಮ್ಮ ಮಾತು ಅರ್ಧ ಮುಗಿಯುವಷ್ಟರಲ್ಲಿ ಆ ವಸ್ತಾದ ಒಳಗೆ ಹೋಗಿ ಹಾಸಿಗೆ ಸುತ್ತಿಕೊಂಡು ಬಂದ. ಎಂಥ ನಿಷ್ಠಾವಂತ ಎಂದು ನನಗೆ ಹೃದಯ ತುಂಬಿ ಬಂತು.

ವಾಪಸು ಬರುವಾಗ ಯಾವಗಲ್ಲ ಊರು ದಾಟಿ ಬೆಳವಣಕಿಯಲ್ಲಿ ಎತ್ತು ಬಿಚ್ಚಿದ್ದೆವು. ಹಿಂದಿನಿಂದ ನರಗುಂದದ ಕಟ್ಟೆಯವರು ಧೂಳೆಬ್ಬಿಸಿಕೊಂಡು ಬಂದೇಬಿಟ್ಟರು. ಅವರಿಗೂ ಒಬ್ಬ ಕಾಕಾ ಇದ್ದ, ಮೀಸೆ ಸ್ವಲ್ಪ ಬೇರೆ ಅಷ್ಟೇ.

“ನಮ್ಮೂರ ರೊಟ್ಟಿ ತಿಂದು, ನಮ್ಮೂರ ಹಾಲು ಕುಡದು, ಈಗ ರೋಣಕ್ಕ ಹೊಂಟೀ ಏನೋ? ನಾಚಿಕಿ ಬರೂದಿಲ್ಲೇನು?” ಎಂದು ಅವನು ಬಂಡಿಯ ಮುಂದೆ ನಿಂತು ಕೂಗಿದ.

ನಮ್ಮ ಕಾಕಾ ಬಂಡಿಯಿಂದ ನಿಧಾನಕ್ಕೆ ಇಳಿದು, ಸಮಾಧಾನದಿಂದ, ಮಠದ ಸ್ವಾಮಿಗಳು ಹೇಳುವ ಹಾಗೆ ಹೇಳಿದ: “ಹಂಗ ಸಿಟ್ಟಾಗಬಾರದಪಾ. ಮನಷಾ ಅಂದಮ್ಯಾಲ ತನ್ನ ಏಳಿಗಿ ತಾ ನೋಡ್ಕೋಬೇಕಲ್ಲ? ಗುಣ ಇದ್ದಾವನ್ನ ನಾಕು ಮಂದಿ ಕರೀತಾರ. ಕಟ್ಟಿಹಾಕಾಕ ಅಂವ ಏನ್ ಎತ್ತೇನು?”

ಎಷ್ಟು ನ್ಯಾಯದ ಮಾತು! ನಾನು ತಲೆದೂಗಿದೆ. ಬೆಳವಣಕಿಯ ಮಂದಿ ಸುತ್ತ ನಿಂತು ಎರಡೂ ಕಡೆಗೆ ಹೌದು ಹೌದು ಎನ್ನುತ್ತ ಮಜಾ ನೋಡಿದರು.

ಹೊಸ ವಸ್ತಾದನ ಬಾಯಿ ಮಾತ್ರ ಭರ್ಜರಿ. ಮಾಳಿಗೆ ಸೋರುವ ವಿಷಯವನ್ನು ನಾವು ಅಂಜುತ್ತಂಜುತ್ತ ಹೇಳಿದೆವು. ಅವನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಯಾಕೆಂದರೆ ಅವನು ಗರಡಿಯ ಒಳಗೆ ಹೋಗುತ್ತಲೇ ಇರಲಿಲ್ಲ. ನಮ್ಮ ಜೊತೆ ಕಟ್ಟೆಯ ಮೇಲೆ ಕುಳಿತು, ಹುರಿಗಡಲೆ ತಿನ್ನುತ್ತ, ಒಳಗಿನವರಿಗೆ ಕೇಳುವ ಹಾಗೆ ಕೂಗುತ್ತಿದ್ದ. ನಮ್ಮ ಹಳೆಯ ವಸ್ತಾದರಿಗೆ ಈ ಬುದ್ಧಿ ಹನ್ನೆರಡು ವರ್ಷದಲ್ಲಿ ಹೊಳೆದಿರಲಿಲ್ಲ. ಇಂಥ ಮನುಷ್ಯನನ್ನು ಬಿಟ್ಟು ಇಷ್ಟು ದಿನ ಹೇಗಿದ್ದೆವೋ ಎಂದು ಎಲ್ಲರಿಗೂ ಅನ್ನಿಸಿತು.

ಅವನು ಪೈಲ್ವಾನನ ಎಡಭುಜಕ್ಕೆ ಒಂದು ಏಟು ಹಾಕಿ, “ಏನಾಗೇತಿ ಇದಕ್ಕ? ಕಲ್ಲಾಗೇತಿ ಕಲ್ಲು! ಯುಗಾದಿಗೆ ಗಡದಾವರ ಕೂಡ ಕುಸ್ತಿಗೆ ಜೋಡಿ ಹಚ್ರಿ, ಹಳೇ ವಸ್ತಾದನ ಸೊಕ್ಕು ಇಳಸೋಣು,” ಎಂದ. ಏಟಿಗೆ ಪೈಲ್ವಾನ ಹಲ್ಲು ಕಚ್ಚಿದ್ದನ್ನು ನಾನು ನೋಡಿದೆ. ಹುರುಪು ಎಂದುಕೊಂಡೆ.

ಗಡಕ್ಕೆ ಸವಾಲು ಕಳಿಸಿದೆವು. ಗಡದಿಂದ ಉತ್ತರ ಬಂತು. ಕುಸ್ತಿ ಆಗಲಾರದು ಎಂದು ಹಳೆಯ ವಸ್ತಾದರು ಹೇಳಿ ಕಳಿಸಿದ್ದರು. ನಮ್ಮ ಸೀಮೆಯ ಗರಡಿಗಳಲ್ಲಿ ಒಂದು ಕಟ್ಟಳೆ ಇತ್ತು. ಶಿಷ್ಯನನ್ನು ಸ್ವೀಕರಿಸಿದ ದಿನ ಗುರು ಅವನ ಬಲ ಮುಂಗೈಗೆ ಕೆಂಪು ದಾರ ಕಟ್ಟುತ್ತಾನೆ. ಒಬ್ಬನೇ ಗುರುವಿನ ಕೈಯಿಂದ ದಾರ ಕಟ್ಟಿಸಿಕೊಂಡ ಇಬ್ಬರು ಅಣ್ಣತಮ್ಮಂದಿರಿದ್ದ ಹಾಗೆ, ಅವರು ಪಂದ್ಯದ ಕಣದಲ್ಲಿ ಎದುರುಬದುರು ನಿಲ್ಲುವಂತಿಲ್ಲ. ಗಡದ ಪೈಲ್ವಾನನಿಗೂ ಈಗ ನಮ್ಮ ಹಳೆಯ ವಸ್ತಾದರೇ ದಾರ ಕಟ್ಟಿದ್ದರು. ಉತ್ತರ ತಂದ ಬಳೆಗಾರ ವಸ್ತಾದರ ಇನ್ನೊಂದು ಮಾತನ್ನೂ ಹೇಳಿದ: “ಭುಜಾ ಜ್ವಾಕಿ ಅಂತ ಹೇಳಂದಾರ್ರಿ. ದಸರಾತನಕ ಕುಸ್ತಿ ಬ್ಯಾಡಂತ.”

“ಅಂಜ್ಯಾನ!” ಎಂದು ಕಾಕಾ ಎದ್ದು ನಿಂತ. “ನೋಡಿದ್ರೆಲ್ಲ? ಭುಜದ ನೆವ ಹೇಳ್ತಾನ. ತಾ ಹೋಗೂ ದಿನಾನೂ ಇದನ್ನ ಹೇಳಿದ್ದ. ಆವತ್ತ ಗಡದಾವರ ಪರವಾಗಿ ಮಾತಾಡ್ಯಾನ ಅಂವ!”

ಎಲ್ಲರಿಗೂ ಒಮ್ಮೆಲೇ ಬೆಳಕು ಬಿದ್ದ ಹಾಗಾಯಿತು. ಅಬ್ಬಾ, ಎಂಥ ಹಂಚಿಕೆ! ಭುಜ ಸರಿದದ್ದೇ ಸುಳ್ಳಿರಬಹುದು ಎಂದ ಒಬ್ಬ. ಸರಿಸಿದವರೇ ಅವರಿರಬಹುದು ಎಂದ ಇನ್ನೊಬ್ಬ. ದಾರ ತೆಗೆದರೆ ಕಟ್ಟಳೆಯೂ ಹೋಯಿತು, ಕುಸ್ತಿಗೆ ಅಡ್ಡಿಯಿಲ್ಲ ಎಂದು ತೀರ್ಮಾನವಾಯಿತು. ದಾರ ತೆಗೆಯುವ ಮಾತು ನಮ್ಮ ಸೀಮೆಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಮೊದಲು ಆಡಿದವರು ನಾವು ಎಂಬ ಹಿಗ್ಗು ಬೇರೆ.

ಪೈಲ್ವಾನನನ್ನು ಕರೆಸಿದೆವು. ಅವನು ಮುಂಗೈಯನ್ನು ಎದೆಗೆ ಒತ್ತಿಕೊಂಡು ನಿಂತ.

“ಕಾಕಾರ, ಕುಸ್ತಿ ಹಿಡಿಯಾಕ ನಂಗೂ ಆಸೆ ಐತ್ರಿ. ಆದ್ರ ಭುಜ ನೂಸ್ತೈತಿ. ದಸರಾ ಬರ್ಲಿ, ಯಾರ್ನ ಬೇಕಾದ್ರೂ ಹಚ್ರಿ, ನಾ ಒಲ್ಲೆ ಅನ್ನಂಗಿಲ್ಲ. ಈ ಕೈ ಹೋದ್ರ ನಾ ಏನ್ ಮಾಡ್ಲಿ?”

“ಊರ ಮಾನ ಹೋದ್ರ ನಾವೇನ್ ಮಾಡೂಣು?” ಎಂದೆ ನಾನು. ಬಹಳ ಚೆನ್ನಾಗಿ ಹೇಳಿದೆ ಎಂದು ಆಮೇಲೆ ಎಲ್ಲರೂ ಹೇಳಿದರು.

ಅವನ ತಾಯಿ ಹೊಲದಿಂದ ನೆಟ್ಟಗೆ ಕಟ್ಟೆಗೆ ಬಂದಳು. ಹೆಂಗಸರು ಕಟ್ಟೆಗೆ ಬರುವ ಪದ್ಧತಿ ಇರಲಿಲ್ಲ. ಸೆರಗಿನ ತುಂಬ ಹತ್ತಿ ಹಾಗೇ ಇತ್ತು. “ಯಪ್ಪಗಳಿರಾ, ನನ್ನ ಮಗಗ ಕುಸ್ತಿ ಅಂದ್ರ ಜೀವ. ದಸರಾತನಕ ತಡೀರಿ, ಅವನ ಆಸೆ ಮಣ್ಣುಪಾಲು ಮಾಡಬ್ಯಾಡ್ರಿ,” ಎಂದಳು. ಕಾಕಾ ಅವಳಿಗೆ ಬಹಳ ಮರ್ಯಾದೆಯಿಂದ ತಿಳಿಸಿ ಹೇಳಿದ, ಇದು ಗಂಡಸರ ವಿಚಾರ, ನಿನಗೆ ತಿಳಿಯುವಂಥದ್ದಲ್ಲ ಯವ್ವಾ ಎಂದು. ಅದೇ ಸಂಜೆ ಹೊಸ ವಸ್ತಾದ ಕೆಂಪು ದಾರ ಹರಿದು ಹಳದಿ ದಾರ ಕಟ್ಟಿದ. ಪೈಲ್ವಾನ ಕಣ್ಣು ಮುಚ್ಚಿಕೊಂಡಿದ್ದ. ಊರಿಗೂರೇ ಒಂದು ಕಡೆ ನಿಂತರೆ ಒಬ್ಬ ಬಡವ ಎಲ್ಲಿ ಹೋಗಿ ನಿಲ್ಲಬೇಕು?

ದಾರ ಹರಿದ ಸುದ್ದಿ ಕೇಳಿ ಗಡದ ಸಾಹುಕಾರರು ಕುಸ್ತಿಗೆ ಒಪ್ಪಿದರು. ಯುಗಾದಿ ಮುಗಿದ ಮೇಲೆ ಬಂಡಿ ಕಟ್ಟಿಕೊಂಡು ಗಡಕ್ಕೆ ಹೋದೆವು. ಗುಡ್ಡದ ಕೆಳಗೆ ಕಣ. ಮುಶಿಗೇರಿಯಿಂದ, ಸುತ್ತಿನ ಹಳ್ಳಿಗಳಿಂದ ಮಂದಿಯೋ ಮಂದಿ. ಹಲಿಗೆ ಬಾರಿಸುವವರು ಕೈ ಬಿಡುವಿಲ್ಲದೆ ಬಾರಿಸುತ್ತಿದ್ದರು. ಆ ಕಡೆ ಸಾಹುಕಾರರ ಗಾದಿಯ ಪಕ್ಕ ನಮ್ಮ ಹಳೆಯ ವಸ್ತಾದರು ಕುಳಿತಿದ್ದರು, ಮುಖ ಬಾಡಿತ್ತು. ನಮ್ಮ ಪೈಲ್ವಾನನ ಮುಂಗೈಯ ಹಳದಿ ದಾರ ನೋಡಿ ತಲೆ ತಗ್ಗಿಸಿದರು. ಅಪರಾಧಿ ಹಾಗೇ ಮಾಡುತ್ತಾನೆ ಎಂದು ಕಾಕಾ ನನ್ನ ಕಿವಿಯಲ್ಲಿ ಹೇಳಿದ.

ಕುಸ್ತಿ ಶುರುವಾಯಿತು. ಹಳೆಯ ವಸ್ತಾದರು ತಮ್ಮ ಈಗಿನ ಶಿಷ್ಯನಿಗೆ ಕೂಗಿ ಹೇಳಿದರು: “ಒಳಗಾಲು ಹಾಕು!”

ಗಡದ ಪೈಲ್ವಾನ ಒಳಗಾಲು ಹಾಕಿದ. ನಮ್ಮ ಪೈಲ್ವಾನನೂ ಹಾಕಿದ! ಹನ್ನೆರಡು ವರ್ಷ ಆ ದನಿ ಕೇಳಿ ಬೆಳೆದ ಮೈ ಅದು. ಕಿವಿಗೆ ಬಿದ್ದ ಕೂಡಲೇ ಕಾಲು ಹೋಯಿತು. ಇಬ್ಬರ ಮೊಣಕಾಲೂ ಟಕ್ಕೆಂದು ಬಡಿದವು.

“ಕೆಳಗ ಕೂಡು!” ಎಂದರು ವಸ್ತಾದರು. ಇಬ್ಬರೂ ಒಟ್ಟಿಗೆ ಕುಳಿತರು.

“ಬಲಕ್ಕ ಸರಿ!” ಇಬ್ಬರೂ ಬಲಕ್ಕೆ ಸರಿದು, ಒಬ್ಬರಿಗೊಬ್ಬರು ದೂರವಾಗಿ, ಗಾಳಿಯನ್ನು ಹಿಡಿದುಕೊಂಡು ನಿಂತರು.

ಮಂದಿ ಬಿದ್ದು ಬಿದ್ದು ನಕ್ಕರು. ಕೋಲಾಟ, ಕೋಲಾಟ ಎಂದು ಯಾರೋ ಕೂಗಿದರು. ಒಬ್ಬ ಗುರುವಿನ ಶಿಷ್ಯರನ್ನು ಹಿರಿಯರು ಯಾಕೆ ಕಾದಾಡಲು ಬಿಡುತ್ತಿರಲಿಲ್ಲ ಎಂಬುದು ನಮಗೆ ಆಗ ಗೊತ್ತಾಯಿತು. ನಮ್ಮ ಹೊಸ ವಸ್ತಾದ ಗಂಟಲು ಹರಿದುಕೊಳ್ಳುತ್ತಿದ್ದ, “ಕೆಡವು! ಹೊಡಿ!” ಎಂದು. ಅದರಲ್ಲಿ ಏನು ಮಾಡಬೇಕೆಂಬುದೇ ಇರಲಿಲ್ಲವಾದ್ದರಿಂದ ಪೈಲ್ವಾನ ಏನೂ ಮಾಡಲಿಲ್ಲ. ಸಾಹುಕಾರರ ಮುಖ ಕೆಂಪಾಯಿತು. ಅವರು ಏನೋ ಗದರಿದರು, ಹಳೆಯ ವಸ್ತಾದರು ಬಾಯಿ ಮುಚ್ಚಿಕೊಂಡರು.

ಆಗ ಕುಸ್ತಿ ಖರೇ ಕುಸ್ತಿಯಾಯಿತು. ಗಡದವನು ಹಿಂದಿನಿಂದ ಬಂದು ನಮ್ಮವನ ಎಡಗೈ ಹಿಡಿದು ಮೇಲಕ್ಕೆ ತಿರುವತೊಡಗಿದ. ನಮ್ಮವನು ಬಲಗೈಯಿಂದ ಅವನ ಕಾಲು ಎಳೆದು ಕೆಡಹುವುದರಲ್ಲಿದ್ದ. ಇನ್ನೊಂದು ಗಳಿಗೆಯಲ್ಲಿ ಯಾರಾದರೊಬ್ಬರು ಮುಗಿಯಬೇಕು. “ಬಿಡಬ್ಯಾಡ! ಬಿಡಬ್ಯಾಡ!” ಎಂದು ನಾವು ಕೂಗಿದೆವು. “ತಿರುವು! ತಿರುವು!” ಎಂದು ಅವರು ಕೂಗಿದರು. ಸಾವಿರ ಬಾಯಿ ಒಂದೇ ಸಮನೆ. ಪೈಲ್ವಾನನ ಮುಖ ಬೂದಿಯಂತೆ ಬಿಳಿಚಿತ್ತು.

“ಬಿಡ್ರೋ!”

ಹಳೆಯ ವಸ್ತಾದರು ಎದ್ದು ನಿಂತಿದ್ದರು. ಆ ಒಂದು ಕೂಗಿಗೆ ಇಬ್ಬರೂ ಕೈ ಬಿಟ್ಟರು. ನಮ್ಮವನು ಕಣದಲ್ಲಿ ಕುಸಿದು ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡ. ಗಡದವನು ಅವನ ಪಕ್ಕದಲ್ಲೇ ಕುಳಿತು ಬೆನ್ನು ಸವರಿದ. ಕುಸ್ತಿ ಅಲ್ಲಿಗೆ ನಿಂತಿತು. ಸೋಲಿಲ್ಲ, ಗೆಲುವಿಲ್ಲ.

ಸಿಟ್ಟಿಗೆ ಎರಡೂ ಊರಿನ ರುಮಾಲುಗಳು ಗಾಳಿಗೆ ಹಾರಿದವು. ಗೆಲ್ಲುವ ಕುಸ್ತಿ ಬಿಡಿಸಿದ ಎಂದು ಗಡದವರು, ಗೆಲ್ಲುವ ಕುಸ್ತಿ ಬಿಡಿಸಿದ ಎಂದು ನಾವು. ಅದೊಂದು ವಿಷಯದಲ್ಲಿ ಮಾತ್ರ ಎರಡೂ ಊರಿಗೆ ಪೂರಾ ಒಮ್ಮತ. ಸಾಹುಕಾರರು ಹಳೆಯ ವಸ್ತಾದರನ್ನು ಎಲ್ಲರೆದುರೇ, “ನಾಳಿಯಿಂದ ಗರಡಿ ಹೊಸ್ತಿಲಾ ತುಳೀಬ್ಯಾಡ,” ಎಂದರು. ನಾವು ಎತ್ತು ಹೂಡಿ ನಮ್ಮ ಹೊಸ ವಸ್ತಾದನನ್ನು ಹುಡುಕಿದರೆ ಅವನು ಸಾಹುಕಾರರ ಗಾದಿಯ ಪಕ್ಕದಲ್ಲಿ, ಆಗಷ್ಟೇ ತೆರವಾದ ಜಾಗದಲ್ಲಿ, ಮೀಸೆ ತಿರುವುತ್ತ ಕುಳಿತಿದ್ದ.

“ಬರ್ರಿ ವಸ್ತಾದ್ರ, ಬಂಡಿ ಹೊಂಟೈತಿ,” ಎಂದೆ.

“ನೀವ್ ನಡೀರಿ. ಗುಣ ಇದ್ದಾವನ್ನ ನಾಕು ಮಂದಿ ಕರೀತಾರಲ್ರಿ,” ಎಂದ.

ರೋಣ ಮುಟ್ಟುವವರೆಗೂ ಬಂಡಿಯಲ್ಲಿ ಬಿರುಸಿನ ಚರ್ಚೆ. ಇಬ್ಬರಲ್ಲಿ ಯಾರು ಹೆಚ್ಚಿನ ದ್ರೋಹಿ? ಒಬ್ಬ ಒಂದೂರಿಗೆ ದ್ರೋಹ ಮಾಡಿದ, ಇನ್ನೊಬ್ಬ ಎರಡೂರಿಗೆ. ಕಾಕಾ ಎರಡೂ ಪಕ್ಷದ ಮಾತು ತಾನೇ ಆಡಿ, ತಾನೇ ಗೆದ್ದ. ಪೈಲ್ವಾನ ಬಂಡಿಯ ಹಿಂದುಗಡೆ, ಹುಲ್ಲಿನ ಮೇಲೆ, ಗಾಲಿ ಕುಣಿಗೆ ಬಿದ್ದಾಗಲೆಲ್ಲ ತುಟಿ ಕಚ್ಚುತ್ತ ಕುಳಿತಿದ್ದ. ಅವನನ್ನು ಮಾತಾಡಿಸುವುದಕ್ಕೆ ನಮಗೆ ಬಿಡುವಾಗಲಿಲ್ಲ.

ಮುಂದಿನ ವಾರ ಕಟ್ಟೆಗೆ ಸುದ್ದಿ ಬಂತು, ಹಳೆಯ ವಸ್ತಾದರು ಪೈಲ್ವಾನನ ಮನೆಗೆ ಬಂದಿದ್ದಾರೆ, ಅಲ್ಲೇ ಉಳಿದು ಭುಜಕ್ಕೆ ಪಟ್ಟಿ ಕಟ್ಟುತ್ತಿದ್ದಾರೆ ಎಂದು. ಕಾಕಾ ಒಂದು ಚಿಲುಮೆ ಸೇದಿ ಮುಗಿಸುವಷ್ಟರಲ್ಲಿ ಅವನ ಅಭಿಪ್ರಾಯ ತಿರುಗಿತು. “ಎಷ್ಟಂದ್ರೂ ನಮ್ಮವರು. ಗಡದಾಗ ಎಲ್ಲಾರ ಎದುರು ನಮ್ಮ ಪೈಲ್ವಾನನ್ನ ಉಳಿಸಿದ್ರಲ್ಲ, ಅದು ನಿಷ್ಠಾ ಅಂದ್ರ!” ಎಂದ. ಅದು ನಿಷ್ಠೆಯೇ ಎಂದು ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೆನಲ್ಲ ಎಂದು ನನಗೆ ನೆನಪಾಯಿತು. ಅವರನ್ನು ಮರ್ಯಾದೆಯಿಂದ ಗರಡಿಗೆ ವಾಪಸು ಕರೆತರಲು ಅಷ್ಟೂ ಜನ ಹೊರಟೆವು.

ಬಾಗಿಲಲ್ಲಿ ತಾಯಿ ನಿಂತಿದ್ದಳು. ಬರ್ರಿ ಎನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ, ಸರಿದು ನಿಂತಳು. ವಸ್ತಾದರು ಪಡಸಾಲೆಯಲ್ಲಿ ಕುಳಿತು ಎಣ್ಣೆಯ ಕೈ ಒರೆಸಿಕೊಳ್ಳುತ್ತಿದ್ದರು. ಪೈಲ್ವಾನ ಮಜ್ಜಿಗೆ ತರಲು ಪಕ್ಕದ ಮನೆಗೆ ಹೋಗಿದ್ದ.

ಕಾಕಾ ಊರ ಪರವಾಗಿ ಚೆಂದದ ಭಾಷಣ ಮಾಡಿದ. ಈ ವರ್ಷ ಮಾಳಿಗೆಗೆ ಜಂತಿ ಹಾಕಿಸಿಯೇ ತೀರುತ್ತೇವೆ ಎಂದೂ ಹೇಳಿದ. ವಸ್ತಾದರು ಪೂರ್ತಿ ಕೇಳಿದರು.

“ಬರ್ತೀನ್ರಿ,” ಎಂದರು. “ಮಾಳಿಗಿ ಸೋರಿದ್ರೂ ಬರ್ತೀನಿ. ನೀವು ನನಗ ಒಂದ ಕೆಲಸ ಮಾಡಿಕೊಡ್ರಿ.” ದನಿ ತಗ್ಗಿಸಿದರು. “ಭುಜ ಕೂಡಿಸೀನಿ. ಕೂರಿಗಿ ಹಿಡದಾನು, ಚೀಲ ಹೊತ್ತಾನು. ಆದ್ರ ಕುಸ್ತಿ ಮುಗೀತು ಅವಂದು. ಇನ್ನ ಜಲ್ಮದಾಗ ಅಂವ ಕಣಕ್ಕ ಇಳಿಯಂಗಿಲ್ಲ. ಅವ್ವಗ ಗೊತ್ತೈತಿ, ಮಗಗ ಗೊತ್ತಿಲ್ಲ. ದಿನಾ ಹೇಳಬೇಕಂತೀನಿ, ನನಗ ಬಾಯಿ ಬರವಲ್ದು. ನೀವು ಮಾತಿನ್ಯಾಗ ಶ್ಯಾಣ್ಯಾರದೀರಿ. ನೀವ ಹೇಳ್ರಿ.”

ಅಷ್ಟರಲ್ಲಿ ಪೈಲ್ವಾನ ಬಾಗಿ ಒಳಗೆ ಬಂದ. ಎಡಗೈ ತಾಯಿಯ ಹಳೆಯ ಸೀರೆಯ ಜೋಳಿಗೆಯಲ್ಲಿ ತೂಗುತ್ತಿತ್ತು, ಬಲಗೈಯಲ್ಲಿ ಮಜ್ಜಿಗೆಯ ತಂಬಿಗೆ. ನಮ್ಮನ್ನು ನೋಡಿ ಅವನ ಮುಖ ಅರಳಿತು.

“ನೀವೆಲ್ಲ ಬಂದದ್ದು ಭಾಳ ಚಲೋ ಆತ್ರಿ ಕಾಕಾರ! ಗುರುಗಳು ಬಂದಾರ, ಇನ್ನ ಚಿಂತಿಲ್ಲ. ಆವತ್ತ ನಾ ಸೋತಿಲ್ಲಲ್ರಿ? ದಸರಾಕ್ಕ ಯಾರ ಕೂಡ ಜೋಡಿ ಹಚ್ಚೀರಿ, ಹೇಳ್ರಿ.”

ವಸ್ತಾದರು ನಮ್ಮನ್ನು ನೋಡಿದರು. ತಾಯಿ ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕಾಕಾ ಬಾಯಿ ತೆರೆದ, ತೆರೆದದ್ದನ್ನು ಮುಚ್ಚಿ, ಸೊಂಟದಲ್ಲಿ ತಂಬಾಕಿನ ಚೀಲ ಹುಡುಕತೊಡಗಿದ. ಪೈಲ್ವಾನ ಒಂದೇ ಕೈಯಿಂದ ಮಜ್ಜಿಗೆ ಬಗ್ಗಿಸಿ ಮೊದಲ ಬಟ್ಟಲನ್ನು ನನ್ನ ಮುಂದೆ ಹಿಡಿದು, ಉತ್ತರಕ್ಕಾಗಿ ನನ್ನ ಮುಖ ನೋಡುತ್ತ ನಿಂತ.

ನಾನು ಕುಡಿದೆ. “ಮಜ್ಜಿಗಿ ಭಾಳ ಚಲೋ ಆಗೇತಿ,” ಎಂದೆ. ರೋಣದ ಕಟ್ಟೆಯ ಅಷ್ಟೂ ಮಂದಿಯ ಬಾಯಿಂದ ಆವತ್ತು ಹೊರಬಿದ್ದ ಮಾತು ಅದೊಂದೇ.